ಹೊಸ ಮನೆಯನ್ನು ಬೆಚ್ಚಗಿಡಲು ಕಲ್ಲಿದ್ದಲು ಬಾಯ್ಲರ್ ಹಾಕಿಸುತ್ತೀರಾ? ಮುಂಗಡ ಕೊಡುವ ಮೊದಲು ಇದನ್ನು ಓದಿ

ಹಣ ಹೋಗಿದ್ದಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಮಕ್ಕಳು ಮಲಗಿದ್ದ ಮನೆಯೊಳಗೆ ವಿಷದ ಗಾಳಿ ತುಂಬಿತ್ತು. ಅದಕ್ಕೆ ಕಾರಣ ಬಾಯ್ಲರ್ ಕೆಟ್ಟಿದ್ದಲ್ಲ. ನಮ್ಮ ಮನೆಗೆ ಆಗಿಬರದ ಬಾಯ್ಲರನ್ನು, ಹಾಕಬಾರದ ರೀತಿಯಲ್ಲಿ ಹಾಕಿ ಹೋಗಿದ್ದು.

ನಮ್ಮದು 150 ಚದರ ಮೀಟರ್‌ ಮನೆ. ಗೋಡೆ, ಚಾವಣಿ ಎರಡಕ್ಕೂ ದಪ್ಪ ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ಪದರ) ಇದೆ. ಕಿಟಕಿಗಳಿಗೆ ಮೂರು ಪದರದ ಗಾಜು. ಬಾಯ್ಲರ್ ಕಾಯಿಸಿದ ನೀರು ಕೊಳವೆಗಳಲ್ಲಿ ಹರಿದು ಮನೆಯನ್ನು ಬೆಚ್ಚಗಿಡುತ್ತದೆ. ಅದನ್ನು ಮಾರಿದವರು ಕೇಳಿದ್ದು ಒಂದೇ ಪ್ರಶ್ನೆ: ಮನೆ ಎಷ್ಟು ದೊಡ್ಡದು? ಮನೆಯ ಪ್ಲಾನ್ ಮುಂದಿಟ್ಟರೂ ನೋಡಲಿಲ್ಲ. ಚದರ ಮೀಟರಿಗೆ 100 ವ್ಯಾಟ್, ಸ್ನಾನದ ನೀರಿಗೆ ಒಂದಿಷ್ಟು, ಮುಂದಕ್ಕೆ ಇರಲಿ ಅಂತ ಇನ್ನೊಂದಿಷ್ಟು. 'ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ' ಎಂದು 25 ಕಿಲೋವ್ಯಾಟ್ ಬಾಯ್ಲರ್ ತಂದು ಕೂರಿಸಿದರು.

ಈ ಲೆಕ್ಕ ಹಳೆಯ ಮನೆಗಳದ್ದು. ಗೋಡೆ, ಕಿಟಕಿಗಳಿಂದ ಶಾಖ ಸೋರಿ ಹೋಗುವ ಮನೆಗಳಿಗೆ 100 ವ್ಯಾಟ್ ಅಲ್ಲ, ಅದಕ್ಕಿಂತ ಜಾಸ್ತಿಯೂ ಬೇಕಾಗಬಹುದು. ಆದರೆ ಚೆನ್ನಾಗಿ ಇನ್ಸುಲೇಷನ್ ಮಾಡಿದ ಹೊಸ ಮನೆಗೆ ಕೊರೆಯುವ ಚಳಿಯಲ್ಲೂ ಚದರ ಮೀಟರಿಗೆ 40ರಿಂದ 50 ವ್ಯಾಟ್ ಸಾಕು. ನಮ್ಮ ಮನೆಗೆ ಅದು ಹೆಚ್ಚೆಂದರೆ 7.5 ಕಿಲೋವ್ಯಾಟ್. ಅದೂ ವರ್ಷದ ಅತಿ ಚಳಿಯ ದಿನಕ್ಕೆ. ಉಳಿದ ಹೆಚ್ಚಿನ ದಿನ ಅದರ ಅರ್ಧವೂ ಬೇಡ.

ದೊಡ್ಡದಿದ್ದರೆ ಕಡಿಮೆ ಉರಿಸಿದರಾಯಿತು ಅಂತ ನಿಮಗೆ ಅನ್ನಿಸಬಹುದು. ಗ್ಯಾಸ್ ಆದರೆ ಬೇಡವಾದಾಗ ಆರಿಸಬಹುದು. ಕಲ್ಲಿದ್ದಲನ್ನು ಹಾಗೆ ಆರಿಸಲು ಬರುವುದಿಲ್ಲ. ನಮ್ಮ ಬಾಯ್ಲರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು ನಾಲ್ಕೂವರೆ ಕೆಜಿ ಕಲ್ಲಿದ್ದಲು ಬೇಕು. ಸಾಧಾರಣ ಚಳಿಯ ದಿನ ನಮ್ಮ ಮನೆಗೆ ಬೇಕಾದ ಶಾಖ ಗಂಟೆಗೆ ಅರ್ಧ ಕೆಜಿಯಿಂದಲೇ ಸಿಗುತ್ತದೆ. ಹಾಗಾಗಿ ನೀರು ಬೇಗ ಕಾಯುತ್ತದೆ, ಬಾಯ್ಲರ್ ತನ್ನ ಗಾಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಕೆಂಡ ಇದ್ದೇ ಇರುತ್ತದೆ. ಸಾಕಷ್ಟು ಗಾಳಿ ಸಿಗದ ಕಲ್ಲಿದ್ದಲು ಗಂಟೆಗಟ್ಟಲೆ ಸುಮ್ನೆ ಹೊಗೆಯಾಡುತ್ತದೆ. ಆಗ ಹುಟ್ಟುವುದು ಮಸಿ, ಅಂಟಂಟಾದ ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್.

ಮೊದಲ ಚಳಿಗಾಲದಲ್ಲೇ ಬಾಯ್ಲರ್ ಬಾಗಿಲಿಗೆ ಕಪ್ಪು ಟಾರು ಮೆತ್ತಿಕೊಂಡಿತು. ಆಮೇಲೆ ಮಹಡಿಯ ಕೋಣೆಯಲ್ಲಿ, ಚಿಮಣಿ ಹಾದುಹೋಗುವ ಗೋಡೆಯ ಮೇಲೆ ಕಂದು ಕಲೆ ಮೂಡಿತು. ಬಣ್ಣ ಹೊಡೆಸಿದರೂ ಮತ್ತೆ ಬಂತು. ಮಾರಿದವರು ಒಮ್ಮೆ ಕಲ್ಲಿದ್ದಲು ಒದ್ದೆ ಅಂದರು, ಇನ್ನೊಮ್ಮೆ ಚಿಮಣಿ ಸರಿಯಿಲ್ಲ ಅಂದರು. ನಿಜ ಹೇಳಿದ್ದು ಚಿಮಣಿ ಸ್ವಚ್ಛ ಮಾಡಲು ಬಂದವರು. ಬೆಂಕಿ ಸರಿಯಾಗಿ ಉರಿಯದೆ ಹೊಗೆ ತಣ್ಣಗಿದ್ದರೆ ಅದರಲ್ಲಿರುವ ನೀರಾವಿ ಚಿಮಣಿಯೊಳಗೇ ನೀರಾಗುತ್ತದೆ. ಕಲ್ಲಿದ್ದಲಿನ ಗಂಧಕ ಅದಕ್ಕೆ ಸೇರಿ ಆಮ್ಲವಾಗುತ್ತದೆ. ಅದೇ ಗೋಡೆಯಲ್ಲಿ ಇಳಿದು ಬರುತ್ತಿತ್ತು. ಒಳಗೆ ಕಟ್ಟಿದ ಟಾರಿಗೆ ಬೆಂಕಿ ತಗುಲಿದರೆ ಇಡೀ ಚಿಮಣಿಯೇ ಹೊತ್ತಿ ಉರಿಯಬಹುದು ಎಂದೂ ಅವರು ಎಚ್ಚರಿಸಿದರು.

ಇನ್ನು ಆ ರಾತ್ರಿಯ ವಿಷಯ. ಒಂದು ಕೆಜಿ ಕಲ್ಲಿದ್ದಲು ಸರಿಯಾಗಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಬೇಕು. ಹಳೆಯ ಮನೆಗಳಲ್ಲಿ ಅದು ಸಂದುಗೊಂದುಗಳಿಂದ ತಾನಾಗಿಯೇ ಬರುತ್ತಿತ್ತು. ಹೊಸ ಮನೆಯಲ್ಲಿ ಸಂದುಗಳೇ ಇರುವುದಿಲ್ಲ. ಬಾಯ್ಲರ್ ಕೋಣೆಗೆ ಹೊರಗಿನಿಂದ ಗಾಳಿ ಬರುವ ಕಿಂಡಿ ಇರಲೇಬೇಕು, ಅದನ್ನು ಮುಚ್ಚಲು ಬರಬಾರದು. ನಮಗೆ ಕಿಂಡಿಯನ್ನೇ ಇಟ್ಟುಕೊಟ್ಟಿರಲಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತು. ಅದು ಮನೆಯ ಗಾಳಿಯನ್ನು ಹೊರಗೆ ಎಳೆಯುತ್ತಿದ್ದಂತೆ, ಆ ಜಾಗ ತುಂಬಲು ಗಾಳಿಗೆ ಉಳಿದಿದ್ದು ಚಿಮಣಿಯ ದಾರಿ ಒಂದೇ. ಮೇಲೆ ಹೋಗಬೇಕಾದ ಹೊಗೆ ಮನೆಯೊಳಗೆ ಬಂತು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ದೊಡ್ಡ ಮಗಳು ತಲೆನೋವು ಅಂತ ಬೇಗ ಮಲಗಿದ್ದಳು. ನಾವು ನೆಗಡಿ ಇರಬೇಕು ಅಂದುಕೊಂಡಿದ್ದೆವು.

ನಮ್ಮನ್ನು ಎಬ್ಬಿಸಿದ್ದು ಕಾರ್ಬನ್ ಮೊನಾಕ್ಸೈಡ್ ಅಲಾರಂ. ಅದು ಬಾಯ್ಲರ್ ಜೊತೆ ಬಂದದ್ದಲ್ಲ, ಅಕ್ಕ ಒತ್ತಾಯ ಮಾಡಿ ಹಾಕಿಸಿದ್ದು. ಯುರೋಪಿನ ಇಎನ್ 50291 ಮಾನದಂಡದ ಅಲಾರಂಗಳು ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದರೆ ಒಂದು ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಕೂಗಬೇಕು, 300 ಪಿಪಿಎಂ ಇದ್ದರೆ 3 ನಿಮಿಷದೊಳಗೆ. ಅಂದರೆ ಅದು ಕೂಗುವ ಹೊತ್ತಿಗೆ ನೀವು ಆ ಗಾಳಿಯನ್ನು ಆಗಲೇ ಉಸಿರಾಡಿರಬಹುದು. ಕಾರಣ ಹುಡುಕುತ್ತಾ ನಿಲ್ಲಬೇಡಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಹೋಗಿ, ಆಮೇಲೆ ತುರ್ತು ಸೇವೆಗೆ ಫೋನ್ ಮಾಡಿ. ಬಾಯ್ಲರ್ ಕೋಣೆಯ ಹತ್ತಿರ ಒಂದು, ಮಲಗುವ ಕೋಣೆಗಳಲ್ಲಿ ಒಂದೊಂದು ಅಲಾರಂ ಇರಲಿ. ಮಗಳು ಈಗ ಆರಾಮಾಗಿದ್ದಾಳೆ.

ಇದಾದ ಮೇಲೆ ಬೇರೆ ಎಂಜಿನಿಯರ್ ಒಬ್ಬರನ್ನು ಕರೆಸಿದೆವು. ಇನ್ನೊಂದು ಸಂಗತಿ ಹೊರಬಂತು. ನಮ್ಮದು ನೆಲದಡಿಯ ಹೀಟಿಂಗ್. ಅದಕ್ಕೆ 35-40 ಡಿಗ್ರಿ ನೀರು ಸಾಕು, ತಿರುಗಿ ಬರುವಾಗ ಅದು ಇನ್ನೂ ತಣ್ಣಗಿರುತ್ತದೆ. ಬಾಯ್ಲರಿಗೆ ವಾಪಸ್ ಬರುವ ನೀರು ಮಾತ್ರ 55 ಡಿಗ್ರಿಗಿಂತ ಕೆಳಗಿರಬಾರದು. ಇಲ್ಲದಿದ್ದರೆ ಅದರ ಉಕ್ಕಿನ ಗೋಡೆಯ ಮೇಲೆ ಅದೇ ಆಮ್ಲ ಇಳಿದು ತುಕ್ಕು ತಿನ್ನುತ್ತದೆ. ಇದನ್ನು ತಡೆಯಲು ಬಿಸಿನೀರು ಬೆರೆಸುವ ಒಂದು ವಾಲ್ವ್ ಸಾಕಿತ್ತು. ಅದನ್ನೂ ಹಾಕಿರಲಿಲ್ಲ. ಬಾಯ್ಲರ್ ಒಳಗೋಡೆ ತುಕ್ಕು ಹಿಡಿದು ಆಗಲೇ ತೆಳ್ಳಗಾಗಿತ್ತು.

ಕರೆಂಟ್ ಹೋದರೆ ಏನಾಗುತ್ತದೆ ಅಂತಲೂ ಕೇಳಿ. ನೀರು ಹರಿಸುವ ಪಂಪು ನಿಲ್ಲುತ್ತದೆ, ಕೆಂಡ ನಿಲ್ಲುವುದಿಲ್ಲ, ಬಾಯ್ಲರಿನ ನೀರು ಕುದಿಯತೊಡಗುತ್ತದೆ. ಪಂಪಿಗೆ ಬ್ಯಾಟರಿ ಬೇಕು. ಅದರ ಜೊತೆಗೆ, ಮಿತಿಮೀರಿ ಕಾದರೆ ತಣ್ಣೀರು ಹರಿಸಿ ಶಾಖ ಇಳಿಸುವ ವ್ಯವಸ್ಥೆಯೂ ಬೇಕು.

ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಪೋಲೆಂಡಿನ ಕ್ರಾಕೋವ್ ನಗರದಲ್ಲಿ 2019ರ ಸೆಪ್ಟೆಂಬರ್ 1ರಿಂದ ಮನೆಗಳಲ್ಲಿ ಕಲ್ಲಿದ್ದಲು, ಕಟ್ಟಿಗೆ ಎರಡನ್ನೂ ಉರಿಸುವಂತಿಲ್ಲ. ಐರ್ಲೆಂಡಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ ಹೊಗೆಯುಗುಳುವ ಕಲ್ಲಿದ್ದಲನ್ನು ಮಾರುವಂತಿಲ್ಲ. ಇಂದು ಹಾಕಿಸಿದ ಬಾಯ್ಲರಿಗೆ ನಾಳೆ ಇಂಧನವೇ ಸಿಗದೆ ಹೋಗಬಹುದು. ನನ್ನನ್ನು ಕೇಳಿದರೆ, ಬೇರೆ ದಾರಿ ಇರುವವರು ಹೊಸ ಮನೆಗೆ ಕಲ್ಲಿದ್ದಲು ತರಲೇಬಾರದು.

ಬೇರೆ ದಾರಿ ಇಲ್ಲದವರು ಮನೆಯ ಶಾಖನಷ್ಟದ ಲೆಕ್ಕವನ್ನು ಕೋಣೆ ಕೋಣೆಗೂ ಮಾಡಿಸಿ, ಬರಹದಲ್ಲಿ ಪಡೆಯಿರಿ. ಬಾಯ್ಲರ್ ಮಾರುವವರಿಂದ ಅಲ್ಲ, ಬೇರೆಯವರಿಂದ. ಬಫರ್ ಟ್ಯಾಂಕ್ ಇಲ್ಲದೆ ಒಪ್ಪಬೇಡಿ. ಬಾಯ್ಲರ್ ಪೂರ್ತಿ ಉರಿದು, ಉಳಿದ ಶಾಖವನ್ನು ಟ್ಯಾಂಕಿನ ನೀರಿನಲ್ಲಿ ಕೂಡಿಡಬೇಕು. ನಾವು ಈಗ ಮಾಡಿಸಿರುವುದು ಅದನ್ನೇ. ಕಿಂಡಿ, ವಾಲ್ವ್ ಕೂಡ ಬಂದಿವೆ. ಚಿಮಣಿಯ ಒಳಗೊಳವೆ ಬದಲಿಸುವುದು ಬಾಕಿ ಇದೆ.

ಬಾಯ್ಲರಿನ ವಾರಂಟಿ ನಮಗೆ ಸಿಗಲಿಲ್ಲ. ವಾಪಸ್ ನೀರು 55 ಡಿಗ್ರಿಗಿಂತ ಕೆಳಗಿದ್ದರೆ ವಾರಂಟಿ ಇಲ್ಲ ಎಂದು ಕೈಪಿಡಿಯಲ್ಲೇ ಅಚ್ಚಾಗಿತ್ತು. ಆ ಕೈಪಿಡಿಯನ್ನು ಮಾರಿದವರು ನಮಗೆ ಕೊಟ್ಟಿರಲೇ ಇಲ್ಲ. ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ ತೆಗೆದುಕೊಳ್ಳಿ. ಅದರಲ್ಲಿರುವ ಜೋಡಣೆಯ ಚಿತ್ರಕ್ಕೂ, ಅವರು ಕೊಟ್ಟ ಕೊಟೇಷನ್ನಿಗೂ ಒಂದೊಂದೇ ಭಾಗ ತಾಳೆ ಹಾಕಿ ನೋಡಿ.