ಮಂಡಿಪೇಟೆಯಲ್ಲಿ ತಗೊಂಡ ರಬ್ಬರ್ ಮಾಸ್ಕ್: ಆರು ತಿಂಗಳ ಅನುಭವ

ದಾವಣಗೆರೆಯಲ್ಲಿ 22 ವರ್ಷದಿಂದ ಸಿಮೆಂಟ್ ಶೀಟ್ ಹೊದಿಸುವುದು, ಹಳೆಯದನ್ನು ಇಳಿಸುವುದು ನನ್ನ ಕೆಲಸ. ಹಳೇ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಇಷ್ಟು ದಿನ ಮೂಗಿಗೆ ಟವೆಲ್ ಕಟ್ಟಿಕೊಂಡೇ ಕೊರೆದೆ, ಕೊಯ್ದೆ. ಆಗ ಏಳುವ ಕಲ್ನಾರಿನ ಧೂಳು ತೀರಾ ಸಣ್ಣ, ಅದನ್ನು ಬಟ್ಟೆ ತಡೆಯುವುದಿಲ್ಲ.

ಮಂಡಿಪೇಟೆಯ ಅಂಗಡಿಯಲ್ಲಿ ಈ ಮಾಸ್ಕ್ ಸಿಕ್ಕಿತು. ತೀರಾ ಸಣ್ಣ ಧೂಳನ್ನೂ ತಡೆಯುವ ಎರಡು ಪಿ100 ಫಿಲ್ಟರ್ ಸೇರಿ 2,600 ರೂಪಾಯಿ. ಅಂಗಡಿಯವರು ಸುಮ್ನೆ ದುಡ್ಡು ತಗೊಂಡು ಕಳಿಸಲಿಲ್ಲ. "ಗಡ್ಡ ತೆಗೀರಿ ಅಣ್ಣ, ಇಲ್ಲಾಂದ್ರೆ ಸಂದಿಯಿಂದ ಧೂಳು ಒಳಗೆ ಹೋಗುತ್ತೆ" ಅಂದರು. ಫಿಲ್ಟರ್ ಮೇಲೆ ಅಂಗೈ ಮುಚ್ಚಿ ಉಸಿರೆಳೆಯಲು ಹೇಳಿದರು. ಮಾಸ್ಕ್ ಕೆನ್ನೆಗೆ ಗಟ್ಟಿಯಾಗಿ ಅಂಟಿಕೊಂಡರೆ ಸರಿಯಾಗಿ ಕೂತಿದೆ ಅಂತ ಅರ್ಥ. ಅಂದೇ ಗಡ್ಡ ಬೋಳಿಸಿದೆ.

ಮೊದಲು ಹಳೇ ಮಂಡಕ್ಕಿ ಭಟ್ಟಿಯೊಂದರ ಚಾವಣಿ ಇಳಿಸಿದೆವು. ಶೀಟಿಗೆ ನೀರು ಹೊಡೆದು, ಬೋಲ್ಟ್ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿದ್ದು. ಸಂಜೆ ಕನ್ನಡಿ ನೋಡಿದರೆ ಹಣೆ, ಹುಬ್ಬೆಲ್ಲ ಬೂದಿ. ಮೂಗು, ಬಾಯಿ ಸುತ್ತ ಮಾತ್ರ ಸ್ವಚ್ಛ.

ಕೊರತೆಯೂ ಇದೆ. ಏಪ್ರಿಲ್ ಬಿಸಿಲಲ್ಲಿ ಒಳಗೆಲ್ಲ ಬೆವರು. ನಮ್ಮ ಹುಡುಗನ ಮುಖಕ್ಕೆ ಚಿಕ್ಕ ಸೈಜ್ ಬೇಕು, ಅಂಗಡಿಯಲ್ಲಿ ಇರಲಿಲ್ಲ.

ಕಲ್ನಾರಿನ ಕಾಯಿಲೆ 20, 30, 40 ವರ್ಷ ಬಿಟ್ಟೂ ಬರಬಹುದು. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಭಯ ಇನ್ನೂ ಜಾಸ್ತಿ. ಕಲ್ನಾರು ಕಾರ್ಖಾನೆಯ ಕೆಲಸಗಾರರ ಆರೋಗ್ಯ ದಾಖಲೆ 40 ವರ್ಷ ಇಡಬೇಕು ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಂಥ ದಿನಗೂಲಿಯವರದ್ದು ಯಾರು ಇಡುತ್ತಾರೆ? ನನಗೆ ಕೆಲಸ ಕಲಿಸಿದ ಮಾವನಿಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಚಿಕ್ಕ ಸೈಜ್ ಮಾಸ್ಕ್ ತರಿಸಲು ಮುಂಗಡ ಕೊಟ್ಟಿದ್ದೇನೆ. ಅದು ಬರುವವರೆಗೆ ಹುಡುಗನನ್ನು ಹಳೇ ಶೀಟಿನ ಹತ್ತಿರ ಬಿಡುವುದಿಲ್ಲ.