ತಂತಿ ಕಳಚಿದಾಗ ಯಾವ ಸೆನ್ಸರ್ ನಿಜ ಹೇಳುತ್ತದೆ?

ಚಿಕ್ಕಪ್ಪನ ರೇಷ್ಮೆ ಹುಳು ಮನೆಗೆ ತಾಪಮಾನ ತೋರಿಸುವ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟೆ. ಬೋರ್ಡು ಆರ್ಡುಯಿನೊ ಊನೊ, ಅಂದರೆ ಕೋಡ್ ಬರೆದು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು. ದೊಡ್ಡ ಹುಳುಗಳಿಗೆ 24ರಿಂದ 26 ಡಿಗ್ರಿ ಇರಬೇಕು. ತಪ್ಪು ಅಂಕಿ ನಂಬಿದರೆ ಬೆಳೆಗೇ ಪೆಟ್ಟು. ಅದಕ್ಕೇ ಮೂರು ಸೆನ್ಸರ್ ತಂದು ಒಂದೊಂದನ್ನೂ ಒಂದೊಂದು ವಾರ ಇಟ್ಟು ನೋಡಿದೆ.

ಎಲ್‌ಎಂ35 ತುಂಬಾ ಸರಳ. ಡಿಗ್ರಿಗೆ 10 ಮಿಲಿವೋಲ್ಟ್, ಲೈಬ್ರರಿಯೇ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇಡ. ನಾಲ್ಕನೇ ದಿನ ಅದರ ಔಟ್‌ಪುಟ್ ತಂತಿ ಕಳಚಿಕೊಂಡಿತು. ಪರದೆ ಮೇಲೆ ಮಾತ್ರ ಅಂಕಿ ಬರುತ್ತಲೇ ಇತ್ತು, ಒಮ್ಮೆ 31, ಒಮ್ಮೆ 22. ಏನೂ ಸಿಕ್ಕಿಸದ ಅನಲಾಗ್ ಪಿನ್ (ಬೋರ್ಡಿನಲ್ಲಿ ವೋಲ್ಟೇಜ್ ಅಳೆಯುವ ಪಿನ್) ಹೀಗೆ ಸುಮ್ನೆ ಏನೇನೋ ಓದುತ್ತದೆ. ಪಾಪ, ಚಿಕ್ಕಪ್ಪ ಅದನ್ನೇ ನಂಬಿ ಕಿಟಕಿ ತೆರೆದಿದ್ದರು.

ಡಿಎಚ್‌ಟಿ22 ತೇವಾಂಶವನ್ನೂ ಹೇಳುತ್ತದೆ. ಹುಳು ಮನೆಗೆ ಅದೂ ಬೇಕು ಅಲ್ವಾ? ಸಂಪರ್ಕ ತಪ್ಪಿದರೆ 'ನ್ಯಾನ್' (ಅಂಕಿಯಲ್ಲ ಎಂದರ್ಥ) ಅಂತ ಬರುತ್ತದೆ, ಆದರೆ ಯಾಕೆ ಅಂತ ಗೊತ್ತಾಗುವುದಿಲ್ಲ. ನಾನು ತಂದದ್ದು ನಾಲ್ಕು ಕಾಲಿನದು. ಅದಕ್ಕೆ ಪುಲ್‌ಅಪ್ ರೆಸಿಸ್ಟರ್ (ಡೇಟಾ ತಂತಿಯನ್ನು ವಿದ್ಯುತ್ತಿನ ತಂತಿಗೆ ಜೋಡಿಸುವ ರೆಸಿಸ್ಟರ್) ನಾವೇ ಹಾಕಬೇಕು. ಮೂರು ಪಿನ್ನಿನ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ ಅದು ಮೊದಲೇ ಇರುತ್ತದೆ. ಇದು ಹೊಳೆಯುವ ಹೊತ್ತಿಗೆ ಇಡೀ ಸಂಜೆ ತಂತಿ ಬದಲಿಸಿದ್ದೆ.

ನನಗೆ ಹಿಡಿಸಿದ್ದು ಡಿಎಸ್18ಬಿ20. ಮೊದಲು ಮೈನಸ್ 127 ಬಂತು. ಸೆನ್ಸರ್‌ನಿಂದ ಉತ್ತರವೇ ಬಂದಿಲ್ಲ ಎಂದು ಅದರರ್ಥ, ಹಾಗಾಗಿ ತಂತಿ ಇಲ್ಲವೇ ರೆಸಿಸ್ಟರ್ ನೋಡಬೇಕು. ಡೇಟಾ ತಂತಿಗೂ 5 ವೋಲ್ಟ್‌ಗೂ ನಡುವೆ 4.7 ಕಿಲೊಓಮ್ ಹಾಕಿದೆ, ಸರಿಹೋಯಿತು. ಐದು ಮೀಟರ್ ತಂತಿ ಎಳೆದ ಮೇಲೆ ಆಗಾಗ 85 ಬರತೊಡಗಿತು. ಕರೆಂಟ್ ಸಿಕ್ಕ ಕೂಡಲೇ ಈ ಸೆನ್ಸರ್ ಒಳಗಿರುವ ಅಂಕಿಯೇ 85. ಅಂದರೆ ಡೇಟಾ ತಂತಿ ಚೆನ್ನಾಗಿದೆ, ಅಳತೆ ಮಾತ್ರ ಮುಗಿದಿಲ್ಲ. 12 ಬಿಟ್ ಅಳತೆಗೆ, ಅಂದರೆ ಇದರ ಅತಿ ಸೂಕ್ಷ್ಮ ಅಳತೆಗೆ, 750 ಮಿಲಿಸೆಕೆಂಡ್ ವರೆಗೂ ಬೇಕು. ಕೋಡ್‌ನಲ್ಲಿ ಅಷ್ಟು ಕಾಯುತ್ತಿದ್ದೆ. ಹಾಗಾದರೆ ನಡುವೆ ಕರೆಂಟ್ ತಪ್ಪುತ್ತಿರಬೇಕು. ನೋಡಿದರೆ ಬ್ರೆಡ್‌ಬೋರ್ಡ್‌ನಲ್ಲಿ (ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಹಲಗೆ) ವಿದ್ಯುತ್ತಿನ ಕೆಂಪು ತಂತಿ ಸಡಿಲವಾಗಿತ್ತು. ಬೆಸುಗೆ ಹಾಕಿದ ಮೇಲೆ 85 ಮತ್ತೆ ಬಂದಿಲ್ಲ.

ಒಂದು ಎಚ್ಚರಿಕೆ. ಮೂರು ಕಾಲಿನ ಎಲ್‌ಎಂ35, ಡಿಎಸ್18ಬಿ20 ನೋಡಲು ಒಂದೇ ಥರ. ಚಪ್ಪಟೆ ಮುಖ ನಮ್ಮ ಕಡೆಗಿದ್ದರೆ ಎಲ್‌ಎಂ35ರ ಎಡಗಾಲು ವಿದ್ಯುತ್ತಿನದು, ಡಿಎಸ್18ಬಿ20ರ ಎಡಗಾಲು ಗ್ರೌಂಡ್ (ಮೈನಸ್). ಒಂದರ ಜಾಗದಲ್ಲಿ ಇನ್ನೊಂದನ್ನು ಸಿಕ್ಕಿಸಬೇಡಿ. ಬೆರಳು ಸುಡುವಷ್ಟು ಬಿಸಿಯಾಗುತ್ತದೆ.

ಈಗ ತಾಪಮಾನಕ್ಕೆ ಡಿಎಸ್18ಬಿ20, ತೇವಾಂಶಕ್ಕೆ ಪಕ್ಕದಲ್ಲೇ ಡಿಎಚ್‌ಟಿ22 ಇಟ್ಟಿದ್ದೇನೆ. ಮೈನಸ್ 127 ಅಥವಾ 85 ಬಂದರೆ ಪರದೆಯಲ್ಲಿ ಅಂಕಿ ತೋರುವುದಿಲ್ಲ, ಬಜರ್ ಕೂಗುತ್ತದೆ.