ಸೂಜಿಗೆ ಮುಂಚೆ ಎಂಆರ್‌ಐ: ನನ್ನ ಎರಡನೇ ಪ್ರಾಸ್ಟೇಟ್ ಬಯಾಪ್ಸಿ

ನನಗೆ 63 ವರ್ಷ. ಪ್ರಾಸ್ಟೇಟ್ ಬಯಾಪ್ಸಿ, ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯಿಂದ ಸೂಜಿಯಲ್ಲಿ ಚೂರು ತೆಗೆದು ಮಾಡುವ ಪರೀಕ್ಷೆ, ಎರಡು ಸಲ ಆಗಿದೆ, ಬೇರೆ ಬೇರೆ ಕಡೆ. ಈ ಮಾತು ಎರಡನೇ ಸಲ ಹೋದ ಕ್ಲಿನಿಕ್ ಬಗ್ಗೆ. ಆದರೆ ಮೊದಲನೆಯದನ್ನು ಹೇಳದಿದ್ದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ರಕ್ತಪರೀಕ್ಷೆ, 5.9 ಬಂದಿತ್ತು. ಸ್ಕ್ಯಾನ್ ಏನೂ ಇಲ್ಲ, ನೇರ ಬಯಾಪ್ಸಿ. ಗುದದ್ವಾರದ ಮೂಲಕ 12 ಕಡೆ ಚುಚ್ಚಿದರು. ಮೂರನೇ ದಿನ ಚಳಿಜ್ವರ ಬಂತು, ನಂಜಾಗಿ ಆಸ್ಪತ್ರೆ ಸೇರಿದೆ. ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇಲ್ಲ ಎಂದಿತ್ತು. ಪಿಎಸ್‌ಎ ಮಾತ್ರ ಏರುತ್ತಲೇ ಹೋಯಿತು, 8.4ರವರೆಗೆ.

ಈ ಕ್ಲಿನಿಕ್‌ನಲ್ಲಿ ಸೂಜಿ ಮುಟ್ಟುವ ಮುಂಚೆ ಎಂಆರ್‌ಐ ಮಾಡಿಸಿದರು. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಅಲುಗಾಡದೆ ಮಲಗಬೇಕು. ಯಂತ್ರದ ಸದ್ದು ಜೋರು. ಅಷ್ಟೇ. ಗ್ರಂಥಿಯ ಮುಂಭಾಗದಲ್ಲಿ ಒಂದು ಮಚ್ಚೆ ಕಂಡಿತು, ಕ್ಯಾನ್ಸರ್ ಅನುಮಾನ ಎಷ್ಟು ಅಂತ ಹೇಳುವ ಪೈರ್ಯಾಡ್ಸ್ ಅಂಕ 5ಕ್ಕೆ 4. ಹಿಂದಿನಿಂದ ಹೋಗುವ ಸೂಜಿಗೆ ಆ ಮೂಲೆ ಸುಲಭವಾಗಿ ಸಿಗುವುದಿಲ್ಲ ಅಂತ ಡಾಕ್ಟರು ಪರದೆಯ ಮೇಲೇ ತೋರಿಸಿದರು. ಕ್ಯಾನ್ಸರ್ ಇಲ್ಲ ಅಂದಮೇಲೂ ಪಿಎಸ್‌ಎ ಯಾಕೆ ಏರುತ್ತಿದೆ ಅನ್ನುವ ನಾಲ್ಕು ವರ್ಷದ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. 2018ರ ಪ್ರಿಸಿಷನ್ ಅಧ್ಯಯನದ ಲೆಕ್ಕವನ್ನೂ ಹೇಳಿದರು. 500 ಗಂಡಸರು. ಎಂಆರ್‌ಐ ದಾರಿಯಲ್ಲಿ ಹೋದ ನೂರರಲ್ಲಿ 38 ಜನಕ್ಕೆ ಗಂಭೀರ ಕ್ಯಾನ್ಸರ್ ಪತ್ತೆಯಾಯಿತು, ಹಳೇ ಪದ್ಧತಿಯಲ್ಲಿ 26. ಎಂಆರ್‌ಐ ಗುಂಪಿನಲ್ಲಿ ನೂರಕ್ಕೆ 28 ಜನರಿಗೆ, ಸ್ಕ್ಯಾನ್‌ನಲ್ಲಿ ಅನುಮಾನ ಕಾಣದ್ದರಿಂದ, ಬಯಾಪ್ಸಿಯೇ ಮಾಡಲಿಲ್ಲ.

ಈ ಸಲ ಸೂಜಿ ಹೋಗಿದ್ದು ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದಿಂದ. ಈ ದಾರಿಯಲ್ಲಿ ನಂಜಿನ ಭಯ ಕಡಿಮೆ. ಮರಗಟ್ಟಿಸುವ ಇಂಜೆಕ್ಷನ್ ಚೆನ್ನಾಗಿಯೇ ಉರಿಯಿತು. ಎರಡು ದಿನ ಮೂತ್ರದಲ್ಲಿ ರಕ್ತ ಬಂತು. ಮೊದಲೇ ಹೇಳಿದ್ದರು, ಹಾಗಾಗಿ ಹೆದರಲಿಲ್ಲ. ಜ್ವರ ಬರಲಿಲ್ಲ.

ಒಂದು ವಿಷಯಕ್ಕೆ ಮಾತ್ರ ನನಗೆ ಬಹಳ ಬೇಸರವಿದೆ. ರಿಪೋರ್ಟನ್ನು ಶನಿವಾರ ಸಂಜೆ ಸುಮ್ನೆ ಫೋನಿಗೆ ಕಳಿಸಿಬಿಟ್ಟರು. 'ಅಡಿನೋಕಾರ್ಸಿನೋಮಾ', ಅಂದರೆ ಗ್ರಂಥಿಯ ಕ್ಯಾನ್ಸರ್, ಅನ್ನುವ ಪದ ಓದಿ ನಾನೂ ಹೆಂಡತಿಯೂ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಯಾರಾದರೂ ಒಂದು ಫೋನ್ ಮಾಡಬಹುದಿತ್ತು ಅಲ್ವಾ? ಅದಕ್ಕೇ ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ.

ಸೋಮವಾರ ಡಾಕ್ಟರು ಮುಕ್ಕಾಲು ಗಂಟೆ ಕೂತು ಮಾತಾಡಿದರು. ಕ್ಯಾನ್ಸರ್ ಎಷ್ಟು ಉಗ್ರ ಅಂತ ಅಳೆಯುವ ಗ್ಲೀಸನ್ ಅಂಕ 3+3, ಅಂದರೆ 6. ತೀರಾ ಕೆಳಗಿನ ದರ್ಜೆ. ಈಗ ಆಪರೇಷನ್ ಬೇಡ, ಕಣ್ಣಿಟ್ಟು ಕಾಯೋಣ ಎಂದರು. ಕ್ಯಾನ್ಸರ್ ಇಟ್ಟುಕೊಂಡು ಕಾಯುವುದಾ ಅಂತ ಹೆಂಡತಿ ಅತ್ತಳು. ಆಗ ಅವರು 2023ರಲ್ಲಿ ಬಂದ ಪ್ರೊಟೆಕ್ಟ್ ಅಧ್ಯಯನದ 15 ವರ್ಷದ ಫಲಿತಾಂಶ ವಿವರಿಸಿದರು. ಆಪರೇಷನ್, ರೇಡಿಯೇಷನ್, ಕಾಯುವುದು, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ ಎರಡು-ಮೂರು ಜನ. ಕಾದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಮುಂದೆ ಚಿಕಿತ್ಸೆಗೆ ಹೋದರು ಅನ್ನುವುದನ್ನೂ ಮುಚ್ಚಿಡಲಿಲ್ಲ. ಅದನ್ನು ಹೇಳಿದ್ದಕ್ಕೇ ನನಗೆ ನಂಬಿಕೆ ಬಂತು.

ಆರು ತಿಂಗಳಿಗೆ ಪಿಎಸ್‌ಎ, ವರ್ಷಕ್ಕೆ ಎಂಆರ್‌ಐ. ಅಲ್ಲೇ ಮಾಡಿಸುತ್ತೇನೆ. ರಿಪೋರ್ಟ್ ಮಾತ್ರ ಡಾಕ್ಟರ ಎದುರಿಗೇ ಕೊಡಿ ಅಂತ ಬರೆದುಕೊಟ್ಟು ಬಂದಿದ್ದೇನೆ.